ಮಳೆ, ಉಪ್ಪುಗಾಳಿ, ಬಿಸಿಲು: ಉತ್ತರ ಕನ್ನಡದ ಅಂಗಳಕ್ಕೆ ಕುಂಡದ ಗಿಡ ಆರಿಸುವ ಬಗೆ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮೇ ನಡುವಿನವರೆಗೆ ಹೇಳಿಕೊಳ್ಳುವಂಥ ಮಳೆ ಇಲ್ಲ. ಅಂದರೆ ಅದೇ ಕುಂಡ ನಾಲ್ಕು ತಿಂಗಳು ಗದ್ದೆ, ಐದು ತಿಂಗಳು ಬೋಳುಗುಡ್ಡ. ಬೇಸಿಗೆಯಲ್ಲಿ ನೀರು ಸಾಲದೆ ಗಿಡ ಸಾಯುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಕುಂಡದ ಗಿಡಗಳು ಹೆಚ್ಚಾಗಿ ಹೋಗುವುದು ಜುಲೈನಲ್ಲಿ, ಬೇರು ಕೊಳೆತು. ಬೇಸಿಗೆಯ ಬಾಯಾರಿಕೆಗೆ ಒಂದು ಕೊಡ ನೀರು ಸಾಕು. ಕೊಳೆತ ಬೇರಿಗೆ ಮದ್ದಿಲ್ಲ. ಆದ್ದರಿಂದ ಗಿಡ ಆರಿಸುವಾಗ ಹೂವಿನ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಆಷಾಢದ ಮಳೆಯನ್ನು ಹೇಗೆ ತಡೆದುಕೊಳ್ಳುತ್ತದೆ?

ಮೊದಲು ಜಾಗ

ನರ್ಸರಿಗೆ ಹೊರಡುವ ಮುಂಚೆ ಕುಂಡ ಇಡುವ ಜಾಗವನ್ನು ಸರಿಯಾಗಿ ನೋಡಿಕೊಳ್ಳಿ.

ಉಪ್ಪು ಎಷ್ಟು ಎಂದು ತಿಳಿಯಲು ಕಡಲಿಗೆ ಎಷ್ಟು ಮೀಟರ್ ಎಂದು ಅಳೆಯಬೇಕಿಲ್ಲ. ಪಡುವಣ ಬದಿಯ ಕಿಟಕಿಯ ಸರಳಿಗೆ ಬಣ್ಣ ಬಳಿದು ವರ್ಷ ತುಂಬುವುದರೊಳಗೆ ತುಕ್ಕು ಕಾಣಿಸಿದರೆ, ಅದೇ ಉಪ್ಪು ಎಲೆಗಳ ಮೇಲೂ ಕೂರುತ್ತದೆ. ಕೋಡಿಬಾಗ, ಬೈತಖೋಲ, ಗೋಕರ್ಣದ ಕಡಲಬದಿಯ ಮನೆಗಳಲ್ಲಿ ಪಡುವಣ ಜಗಲಿಗೆ ಬೇರೆ ಗಿಡ, ಮೂಡಣ ಅಂಗಳಕ್ಕೆ ಬೇರೆ ಗಿಡ ಬೇಕಾಗುತ್ತದೆ. ಮನೆಯ ಗೋಡೆಯೇ ಉಪ್ಪುಗಾಳಿಗೆ ಒಳ್ಳೆಯ ತಡೆ.

ಹಂಚಿನ ಮಾಡಿನ ಅಂಚಿನಿಂದ ಬೀಳುವ ನೀರಿನ ಗೆರೆಯಲ್ಲಿ ಕುಂಡ ಇಡಬೇಡಿ. ಒಂದೇ ಮಳೆಗೆ ಮೇಲ್ಮಣ್ಣು ಹಾರಿ ಬೇರು ಬಯಲಾಗುತ್ತದೆ. ಒಂದೋ ಗೆರೆಯ ಒಳಗೆ ಇಡಿ, ಇಲ್ಲವೇ ಎರಡು ಅಡಿ ಆಚೆಗೆ.

ಬಿಸಿಲಿನ ಲೆಕ್ಕದಲ್ಲಿ ಒಂದು ತಿರುವು ಇದೆ. ಕಾರವಾರ ಇರುವುದು ಹೆಚ್ಚುಕಡಿಮೆ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ತಿಂಗಳಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಿ ಇಡೀ ದಿನ ನೆರಳಿದ್ದ ಉತ್ತರದ ಜಗಲಿಗೆ ಮೇ ತಿಂಗಳ ಸುಡುಬಿಸಿಲು ಬೀಳುವುದು ಇದರಿಂದಲೇ. ಚಳಿಗಾಲದ ನೆರಳು ನಂಬಿ ಅಲ್ಲಿ ಆಂಥೂರಿಯಂ ಇಟ್ಟರೆ ಮೇಯಲ್ಲಿ ಎಲೆ ಸುಟ್ಟು ಕಂದಾಗುತ್ತದೆ.

ಟೆರೇಸಿನಲ್ಲಿ ಭಾರವೂ ಮುಖ್ಯ. ನೀರು ಕುಡಿದ ಮಣ್ಣು ಲೀಟರಿಗೆ ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. 200 ಲೀಟರಿನ ಡ್ರಮ್ಮನ್ನು ಅಡ್ಡ ಕೊಯ್ದರೆ ಸಿಗುವ ಅರ್ಧ ಡ್ರಮ್ಮು ಮಳೆಗಾಲದಲ್ಲಿ ಗಿಡಸಹಿತ 150 ಕೆ.ಜಿ. ಮುಟ್ಟುತ್ತದೆ. ಜನ ಓಡಾಡುವ ಟೆರೇಸಿಗೆ ಕಟ್ಟಡದ ಭಾರ ಲೆಕ್ಕಹಾಕುವ ಭಾರತೀಯ ಮಾನಕವಾದ ಐಎಸ್ 875 ಸಂಹಿತೆ ಹಿಡಿಯುವ ಭಾರ ಚದರ ಮೀಟರಿಗೆ 150 ಕೆ.ಜಿ. ಆದ್ದರಿಂದ ಡ್ರಮ್ಮುಗಳನ್ನು ಸ್ಲ್ಯಾಬಿನ ನಡುವೆ ಒತ್ತೊತ್ತಾಗಿ ಇಡದೆ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ದೂರ ದೂರ ಇಡಿ. ಕಿಟಕಿಯ ಮೇಲಿನ ಸಜ್ಜದ ಮೇಲೆ, ಮುಂದಕ್ಕೆ ಚಾಚಿದ ಬಾಲ್ಕನಿಯ ತುದಿಯಲ್ಲಿ ಬೇಡವೇ ಬೇಡ.

ಕುಂಡ

ಹೂಗಿಡಕ್ಕೆ 12 ಇಂಚು, ಪೊದೆಗಿಡಕ್ಕೆ 16ರಿಂದ 18 ಇಂಚು, ಹಣ್ಣಿನ ಗಿಡಕ್ಕೆ ಅರ್ಧ ಡ್ರಮ್ಮು. ಬಾಯಿ ಅಗಲ, ತಳ ಕಿರಿದು ಇರುವ ಎತ್ತರದ ಕುಂಡ ನೋಡಲು ಚೆಂದ. ನೈಋತ್ಯದ ಮೊದಲ ಬಿರುಗಾಳಿಗೇ ಮಗುಚುತ್ತದೆ. ತಳ ಅಗಲವಿರುವುದನ್ನೇ ಆರಿಸಿ. ಮಣ್ಣಿನ ಕುಂಡ ಮಳೆಗಾಲಕ್ಕೆ ಒಳ್ಳೆಯದು, ಪ್ಲಾಸ್ಟಿಕ್ ಬೇಸಿಗೆಗೆ ಒಳ್ಳೆಯದು. ಕರಿಬಣ್ಣದ ಪ್ಲಾಸ್ಟಿಕ್ಕಾದರೆ ಏಪ್ರಿಲ್‌ನಲ್ಲಿ ಪಡುವಣ ಬಿಸಿಲಿಗೆ ಕುಂಡದ ಗೋಡೆಗೆ ಅಂಟಿದ ಬೇರು ಬೇಯುತ್ತದೆ, ಹೊರಗೆ ಸುಣ್ಣ ಬಳಿಯಿರಿ ಅಥವಾ ಗೋಣಿ ಸುತ್ತಿ. ಹೊಸ ಸಿಮೆಂಟ್ ಕುಂಡದಿಂದ ಸುಣ್ಣದಂಶ ಬಿಡುತ್ತದೆ. ವಾರವಿಡೀ ನೀರು ತುಂಬಿಸಿಟ್ಟು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿದ ಮೇಲೆ ಬಳಸಿ.

ಅರ್ಧ ಡ್ರಮ್ಮಿಗೆ ತಳದಲ್ಲಿ 12 ಮಿ.ಮೀ.ನ ಐದಾರು ತೂತು, ತಳದಿಂದ ಒಂದು ಇಂಚು ಮೇಲೆ ಬದಿಯಲ್ಲಿ ಇನ್ನು ನಾಲ್ಕು ತೂತು ಕೊರೆಯಿರಿ. ಕೆಳಗೆ ಮೂರು ಇಟ್ಟಿಗೆ ತುಂಡು ಕೊಟ್ಟು ನೆಲದಿಂದ ಎತ್ತರಿಸಿ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳದೆ ಕೊಳ್ಳಬೇಡಿ. ರಾಸಾಯನಿಕ ತುಂಬಿದ್ದನ್ನು ಎಷ್ಟು ತೊಳೆದರೂ ಹಣ್ಣಿನ ಗಿಡಕ್ಕೆ ಬಳಸುವುದು ಬೇಡ.

ಮಣ್ಣು: ಅರ್ಧ ಗೆಲುವು ಇಲ್ಲೇ

ನಮ್ಮ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು ತೋಟದಲ್ಲಿ ಚೆನ್ನ. ಕುಂಡದಲ್ಲಿ ಅದೊಂದೇ ತುಂಬಿಸಿದರೆ ಮಳೆಗೆ ಕೆಸರಾಗಿ ಕೂತು, ಬೇಸಿಗೆಯಲ್ಲಿ ಕಲ್ಲಾಗಿ, ಅಂಚಿನಲ್ಲಿ ಬಿರುಕು ಬಿಟ್ಟು ಹಾಕಿದ ನೀರೆಲ್ಲ ಬದಿಯಿಂದ ಇಳಿದು ಹೋಗುತ್ತದೆ. ಅದಕ್ಕೆ ದಪ್ಪಕಣದ ಪದಾರ್ಥ ಬೆರೆಯಲೇಬೇಕು. ಅರ್ಧ ಡ್ರಮ್ಮಿಗೆ 15 ಲೀಟರಿನ ಬಕೆಟ್ಟಿನಲ್ಲಿ ಹೀಗೆ:

ಕೆಂಪು ಮಣ್ಣು, ಜರಡಿ ಹಿಡಿದದ್ದು: 2 ಬಕೆಟ್
ಕ್ರಶರ್ ಮರಳು ಅಥವಾ ಕಡಲೆಕಾಳು ಗಾತ್ರಕ್ಕೆ ಕುಟ್ಟಿದ ಹಂಚಿನ ಚೂರು, ಧೂಳು ತೊಳೆದದ್ದು: 2 ಬಕೆಟ್
ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ: ಒಂದೂವರೆ ಬಕೆಟ್
ಸುಟ್ಟ ಭತ್ತದ ಹೊಟ್ಟು ಅಥವಾ ತೊಳೆದ ತೆಂಗಿನ ನಾರಿನ ಪುಡಿ: ಅರ್ಧ ಬಕೆಟ್
ಬೇವಿನ ಹಿಂಡಿ: 250 ಗ್ರಾಂ
ಡೋಲೊಮೈಟ್ ಸುಣ್ಣ: 200 ಗ್ರಾಂ

ಮಳೆ ಹೆಚ್ಚಿರುವ ಕಡೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ, ಡೋಲೊಮೈಟ್ ಅದಕ್ಕೆ. ಕೇಪಳ ಮತ್ತು ಹೈಡ್ರೇಂಜಿಯಾಕ್ಕೆ ಮಾತ್ರ ಸುಣ್ಣ ಹಾಕಬೇಡಿ, ಅವಕ್ಕೆ ಹುಳಿಮಣ್ಣೇ ಇಷ್ಟ. ಕೇಪಳವನ್ನು ಸಿಮೆಂಟ್ ಕುಂಡದಲ್ಲಿಟ್ಟು ಎಲೆ ಹಳದಿಯಾಯಿತೆಂದು ಗೊಬ್ಬರದ ಮೇಲೆ ಗೊಬ್ಬರ ಸುರಿಯುವವರು ಬಹಳ ಜನ. ಕೊರತೆ ಗೊಬ್ಬರದ್ದಲ್ಲ. ಸುಣ್ಣ ಹೆಚ್ಚಾದ ಮಣ್ಣಿನಿಂದ ಬೇರಿಗೆ ಕಬ್ಬಿಣ ಎಳೆದುಕೊಳ್ಳಲಾಗದೆ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ.

ಕಡಲ ದಂಡೆಯ ಮರಳು ಬೇಡ, ಕಾಳಿ ನದಿಯ ಅಳಿವೆ ಹತ್ತಿರದ ಮರಳೂ ಬೇಡ. ಎರಡರಲ್ಲೂ ಉಪ್ಪಿದೆ. ತೆಂಗಿನ ನಾರಿನ ಪುಡಿಯಲ್ಲಿಯೂ, ಅದರಲ್ಲೂ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯದಾದರೆ, ಉಪ್ಪು ಇರುತ್ತದೆ. ಸಿಹಿನೀರಿನಲ್ಲಿ ಮೂರು ಸಲ ನೆನೆಸಿ ಹಿಂಡಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸಿಪ್ಪೆ ಧಾರಾಳ ಸಿಗುತ್ತದೆಂದು ಹಸಿಯಾಗಿಯೇ ಬೆರೆಸುವುದುಂಟು. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ, ಗಿಡ ಬಿಳಿಚಿಕೊಳ್ಳುತ್ತದೆ. ವರ್ಷ ಕೊಳೆಸಿದ ಸಿಪ್ಪೆಯಾದರೆ ಅಡ್ಡಿಯಿಲ್ಲ. ಒಣ ದರಕನ್ನು, ಅಂದರೆ ಉದುರಿದ ಎಲೆಯನ್ನು, ಮಣ್ಣಿನೊಳಗೆ ಬೆರೆಸುವ ಬದಲು ಬೇಸಿಗೆಯಲ್ಲಿ ಮೇಲೆ ಹೊದಿಸಿ.

ಇನ್ನು ತಳಕ್ಕೆ ನಾಲ್ಕು ಇಂಚು ಜಲ್ಲಿ ಹಾಕುವ ರೂಢಿ. ನೀರು ಬೇಗ ಬಸಿಯಲಿ ಎಂದು ಹಾಕುತ್ತಾರೆ, ಆಗುವುದು ಅದಕ್ಕೆ ತಿರುಗಾಮುರುಗ. ನುಣುಪು ಮಣ್ಣಿನಲ್ಲಿರುವ ನೀರು ದೊಡ್ಡ ಜಲ್ಲಿಯ ಸಂದಿಗೆ ಸುಲಭಕ್ಕೆ ಇಳಿಯುವುದಿಲ್ಲ. ಮಣ್ಣಿನ ತಳದಲ್ಲೇ ತಂಗಿ ಒಂದು ಹಸಿ ಪದರ ಕಟ್ಟುತ್ತದೆ. ಜಲ್ಲಿ ಹಾಕಿದಷ್ಟೂ ಆ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ, ಮಣ್ಣಿನ ಜಾಗವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಒಂದೊಂದು ಬಾಗಿದ ಹಂಚಿನ ತುಂಡು ಕವುಚಿ, ಅದರ ಮೇಲೆ ತೆಳ್ಳಗೆ ತೆಂಗಿನ ನಾರು ಹರಡಿದರೆ ಸಾಕು. ಬಸಿಯುವ ಗುಣ ಮಣ್ಣಿನ ಮಿಶ್ರಣದಲ್ಲೇ ಇರಬೇಕು. ಪರೀಕ್ಷೆ ಹೀಗೆ: ತುಂಬಿದ ಕುಂಡಕ್ಕೆ ಒಂದು ಸಲ ಚೆನ್ನಾಗಿ ನೀರುಣಿಸಿ, ಅರ್ಧ ಗಂಟೆ ಬಿಟ್ಟು ಐದು ಲೀಟರ್ ಒಟ್ಟಿಗೆ ಸುರಿಯಿರಿ. ಮೇಲೆ ನಿಂತ ನೀರು ಒಂದೆರಡು ನಿಮಿಷದಲ್ಲಿ ಇಂಗಬೇಕು. ಐದು ನಿಮಿಷವಾದರೂ ನಿಂತೇ ಇದ್ದರೆ ಎಲ್ಲ ಹೊರತೆಗೆದು ಇನ್ನೊಂದು ಬಕೆಟ್ ಕ್ರಶರ್ ಮರಳು ಬೆರೆಸಿ. ಗಿಡ ನೆಟ್ಟ ಮೇಲೆ ಈ ಕೆಲಸ ಆಗುವುದಿಲ್ಲ.

ಕಡಲಿಗೆ ಮುಖ ಮಾಡಿದ ಜಾಗಕ್ಕೆ

ಇಲ್ಲಿ ಆಯ್ಕೆ ಕಡಿಮೆ, ಆದರೆ ಇರುವವು ಗಟ್ಟಿ.

ಬೋಗನ್‌ವಿಲ್ಲಾ ಮೊದಲನೆಯದು. ಉಪ್ಪು, ಗಾಳಿ, ಬಿಸಿಲು ಮೂರಕ್ಕೂ ಜಗ್ಗುವುದಿಲ್ಲ. 16 ಇಂಚಿನ ಕುಂಡದಲ್ಲಿ ಬೇರು ಇಕ್ಕಟ್ಟಾಗಿದ್ದರೇ ಹೂ ಹೆಚ್ಚು. ಮಳೆಗಾಲದಲ್ಲಿ ಬರೀ ಸೊಪ್ಪು ಬರುತ್ತದೆ, ಅದು ಸಹಜ. ನವೆಂಬರಿನಲ್ಲಿ ಉದ್ದದ ಗೆಲ್ಲುಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಎಲೆ ತುಸು ಬಾಡುವವರೆಗೆ ನೀರು ತಡೆದು ಆಮೇಲೆ ಕೊಡುತ್ತ ಬಂದರೆ ಮೇವರೆಗೂ ಬಣ್ಣ. ದಿನಾ ನೀರು, ತಿಂಗಳು ತಿಂಗಳು ಸಗಣಿ ಗೊಬ್ಬರ ಕೊಟ್ಟು ಹೂವಿಲ್ಲ ಎಂದು ದೂರಬಾರದು.

ಕಣಗಿಲೆಯೂ ಅಷ್ಟೇ ಗಟ್ಟಿ. ಅದರ ಎಲೆ, ಕಾಂಡ, ಹೂವು ಎಲ್ಲವೂ ವಿಷ. ಕತ್ತರಿಸಿದ ಗೆಲ್ಲನ್ನು ದನ ಕಟ್ಟುವ ಕಡೆ ಬಿಸಾಡಬೇಡಿ, ಮಕ್ಕಳಿರುವ ಮನೆಯಲ್ಲಿ ನೆಡದಿರುವುದೇ ಲೇಸು. ದೇವಕಣಗಿಲೆಯನ್ನು ಅರ್ಧ ಡ್ರಮ್ಮಿನಲ್ಲಿ ಆರೇಳು ಅಡಿಯ ಪುಟ್ಟ ಮರವಾಗಿ ನಿಲ್ಲಿಸಬಹುದು. ಚಳಿಗಾಲದಲ್ಲಿ ಎಲೆ ಉದುರಿದಾಗ ಸತ್ತಿತೆಂದು ನೀರು ಹೆಚ್ಚಿಸಬೇಡಿ, ಕಡಿಮೆ ಮಾಡಿ.

ನಮ್ಮ ಗುಡ್ಡದ ಕವಳಿ ಗಿಡವನ್ನು ಕುಂಡಕ್ಕೆ ಯಾರೂ ನೆನೆಯುವುದಿಲ್ಲ, ಅದು ಅನ್ಯಾಯ. ಜಂಬಿಟ್ಟಿಗೆ ಬಂಡೆಯ ಸಂದಿಯಲ್ಲಿ ಬೆಳೆಯುವ ಗಿಡಕ್ಕೆ 18 ಇಂಚಿನ ಕುಂಡವೇ ವೈಭವ. ಬಿಳಿ ಹೂವು, ಉಪ್ಪಿನಕಾಯಿಗೆ ಕಾಯಿ, ವರ್ಷಕ್ಕೊಮ್ಮೆ ಕತ್ತರಿಸಿದರೆ ದುಂಡಗಿನ ಪೊದೆ. ಮುಳ್ಳಿದೆ, ಓಡಾಡುವ ದಾರಿಯಿಂದ ದೂರ ಇಡಿ.

ಅಡೇನಿಯಂ ಬಿಸಿಲಿಗೂ ಉಪ್ಪಿಗೂ ಸೈ, ಮಳೆಗೆ ಮಾತ್ರ ಅಲ್ಲ. ಮೃಗಶಿರ ಮಳೆ ಹಿಡಿಯುವ ಮುಂಚೆ ಅದನ್ನು ಮಾಡಿನ ಒಳಗೆ, ಬೆಳಕಿರುವ ಕಡೆಗೆ ಸಾಗಿಸಿ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ಒಣಗಿಸಿಯೇ ಇಡಿ. ಬುಡ ಒತ್ತಿದಾಗ ಮೆತ್ತಗಾದರೆ ಕೊಳೆತ ಭಾಗವನ್ನು ಗಟ್ಟಿ ತಿರುಳು ಸಿಗುವವರೆಗೆ ಕೆತ್ತಿ, ವಾರ ಒಣಗಿಸಿ, ಹೊಸ ಮಣ್ಣಿಗೆ ನೆಡಬೇಕು. ಇದರ ಹಾಲೂ ವಿಷ. ಸಾಗಿಸಲು ಆಗದವರು ಕೊಳ್ಳದಿರಿ.

ಮಳೆ ಬಿಡುವು ಕೊಟ್ಟು ಗಾಳಿ ಮಾತ್ರ ಬೀಸುವ ದಿನಗಳಲ್ಲಿ ಎಲೆಯಂಚು ಸುಡುತ್ತದೆ. ಸಂಜೆ ಸಿಹಿನೀರಿನಲ್ಲಿ ಎಲೆ ತೊಳೆದರೆ ಸಾಕು.

ಕರಾವಳಿಯ ಮರೆಯ ಅಂಗಳಕ್ಕೆ

ಗೋಡೆಯ ಅಥವಾ ತೆಂಗಿನ ಸಾಲಿನ ಮರೆ ಸಿಕ್ಕಿದರೆ ದಾಸವಾಳ, ನಂದಿಬಟ್ಟಲು, ಕೇಪಳ, ಆಬೋಲಿ ಎಲ್ಲ ಬರುತ್ತವೆ. ದಾಸವಾಳದಲ್ಲಿ ಊರಿನ ಹಳೆಯ ಕೆಂಪು ಒಂಟಿದಳದ್ದೇ ಮಳೆಗೆ ಗಟ್ಟಿ. ದೊಡ್ಡ ಹೂವಿನ ಬಣ್ಣಬಣ್ಣದ ಕಸಿ ತಳಿಗಳು ಎರಡು ಮಳೆಗಾಲ ಕಂಡರೆ ಹೆಚ್ಚು. ಭಟ್ಕಳ ಮಲ್ಲಿಗೆಯ ಜಿಲ್ಲೆ ನಮ್ಮದು, ಆದರೆ ಮಲ್ಲಿಗೆಗೆ ಕಡಿಮೆಯೆಂದರೂ ಆರು ಗಂಟೆ ಬಿಸಿಲು ಮತ್ತು ನೀರು ನಿಲ್ಲದ ಬುಡ ಬೇಕೇ ಬೇಕು. ತೆಂಗಿನ ನೆರಳಲ್ಲಿ ಅದು ಬಳ್ಳಿಯಾಗಿ ಓಡುತ್ತದೆ, ಮೊಗ್ಗಿಲ್ಲ. ಗುಲಾಬಿ ಕರಾವಳಿಯ ಮಳೆಯಲ್ಲಿ ಕಪ್ಪುಚುಕ್ಕೆ ರೋಗ ಬಂದು ಎಲೆಯೆಲ್ಲ ಉದುರಿಸಿಕೊಳ್ಳುತ್ತದೆ. ಬೇಕೇ ಬೇಕೆಂದರೆ ಸಣ್ಣ ಹೂವಿನ ಊರ ಗುಲಾಬಿ, ಅದೂ ಮಾಡಿನಂಚಿನ ಒಳಗೆ.

ಘಟ್ಟದ ಮೇಲೆ

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಉಪ್ಪಿನ ಚಿಂತೆಯಿಲ್ಲ, ರಾತ್ರಿ ತಂಪು. ಕೆಳಗೆ ಸೊರಗುವ ಗಿಡಗಳು ದೇವಿಮನೆ ಘಟ್ಟ ಹತ್ತಿದರೆ ನಗುತ್ತವೆ. ಡೇರೆ ಹೂವೇ ಇದಕ್ಕೆ ಸಾಕ್ಷಿ. ಮಳೆಗಾಲದ ಮಲೆನಾಡಿನ ಜಗಲಿ ಅದಿಲ್ಲದೆ ಇಲ್ಲ. ಕುತ್ತಿಗೆಯಲ್ಲಿ ಕಣ್ಣು ಕಾಣುವ ಗಡ್ಡೆಯನ್ನೇ ಆರಿಸಿ, ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪಗಿದ್ದರೂ ಮೊಳೆಯುವುದಿಲ್ಲ. ಮೇ ಕೊನೆಯ ಮಳೆಗೆ 12 ಇಂಚಿನ ಕೊಟ್ಟೆ (ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲ) ಅಥವಾ ಕುಂಡಕ್ಕೆ ಒಂದೇ ಗಡ್ಡೆ, ಎರಡು ಇಂಚು ಆಳ. ಆಧಾರದ ಕೋಲನ್ನು ಆಗಲೇ ಊರಿ, ಆಮೇಲೆ ಚುಚ್ಚಿದರೆ ಗಡ್ಡೆಗೆ ತಾಗುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಮೊಗ್ಗು ಬಣ್ಣ ತೋರಿದಾಗ ಮಾಡಿನೊಳಗೆ ತನ್ನಿ, ಇಲ್ಲವಾದರೆ ಹೂವು ನೀರು ತುಂಬಿ ಕತ್ತು ಮುರಿದುಕೊಳ್ಳುತ್ತದೆ. ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು ಒಣಮರಳಿನಲ್ಲಿ ಹುಗಿದಿಡಿ. ಕಾರವಾರದಲ್ಲೂ ಡೇರೆ ಬರುತ್ತದೆ, ಆದರೆ ಸೆಕೆಗೆ ಗಿಡ ಉದ್ದ, ಹೂವು ಸಣ್ಣ.

ಹೈಡ್ರೇಂಜಿಯಾ ನಮ್ಮ ಹುಳಿಮಣ್ಣಿನಲ್ಲಿ ನೀಲಿ ಹೂ ಬಿಡುತ್ತದೆ, ಸುಣ್ಣ ಹಾಕಿದರೆ ಗುಲಾಬಿಯತ್ತ ತಿರುಗುತ್ತದೆ. ಆಂಥೂರಿಯಂಗೆ ಮಣ್ಣಿಗಿಂತ ಇದ್ದಿಲು, ತೆಂಗಿನ ಸಿಪ್ಪೆ, ಹಂಚಿನ ಚೂರಿನ ಮಿಶ್ರಣವೇ ಹಿತ. ಸೀತಾಳೆ ದಂಡೆಯನ್ನು ಕಾಡಿನ ಮರದಿಂದ ಕಿತ್ತು ತಂದು ಕುಂಡದ ಮಣ್ಣಿಗೆ ನೆಟ್ಟರೆ ಕೊಳೆಯುವುದು ಖಂಡಿತ. ಅದು ಮರದ ತೊಗಟೆಗೆ ಅಂಟಿ ಬದುಕುವ ಗಿಡ. ಬಿಟ್ಟುಬಿಡಿ.

ಹಣ್ಣು ಮತ್ತು ಸಾಂಬಾರ ಗಿಡ

ಕುಂಡದಲ್ಲಿ ಲಾಭ ಕೊಡುವುದರಲ್ಲಿ ಪೊದೆ ಮೆಣಸಿಗೆ ಎದುರಿಲ್ಲ. ಕಾಳುಮೆಣಸಿನ ಬಳ್ಳಿಯಲ್ಲಿ ಮರ ಹತ್ತುವ ಹಂಬು ಬೇರೆ, ಕರೆ (ಕಾಳಿನ ಗೊಂಚಲು) ಬಿಡುವ ಅಡ್ಡ ಗೆಲ್ಲು ಬೇರೆ. ಹಂಬಿನಿಂದ ಮಾಡಿದ ಗಿಡ ಕುಂಡದಲ್ಲೂ ಹತ್ತಲು ಮರ ಹುಡುಕುತ್ತದೆ. ಒಂದು ವರ್ಷ ಬಲಿತ ಅಡ್ಡ ಗೆಲ್ಲಿನ ಮೂರು ನಾಲ್ಕು ಗಂಟಿನ ತುಂಡನ್ನು ಜೂನ್‌ನಲ್ಲಿ ಊರಿದರೆ ಅದು ಪೊದೆಯಾಗಿ ಉಳಿದು ಎರಡು ಮೂರನೇ ವರ್ಷದಿಂದ ಕಾಳು ಕೊಡುತ್ತದೆ. 12 ಇಂಚಿನ ಕುಂಡ, ಅರೆನೆರಳು, ಬೇಸಿಗೆಯಲ್ಲಿ ದಿನಾ ನೀರು. ಸೊರಗು ರೋಗದ ಭಯವಿದ್ದರೆ ಹಿಪ್ಪಲಿ ಜಾತಿಯ ಕೊಲುಬ್ರಿನಮ್ ಬೇರಿನ ಮೇಲೆ ಕಸಿ ಮಾಡಿದ್ದನ್ನು ಕೊಳ್ಳಿ, ಆ ಬೇರಿಗೆ ರೋಗ ತಗುಲುವುದಿಲ್ಲ. ಆದರೆ ಅದು ನೀರುಬಾಕ, ಬೇಸಿಗೆಯಲ್ಲಿ ಒಂದು ದಿನ ಮರೆತರೂ ಬಾಡುತ್ತದೆ.

ಕರಾವಳಿಗೆ ಚಿಕ್ಕು ಒಳ್ಳೆಯ ಆಯ್ಕೆ. ಗಾಳಿಗೂ ತುಸು ಉಪ್ಪಿಗೂ ತಡೆಯುತ್ತದೆ, ನಿಧಾನ ಬೆಳೆಯುತ್ತದೆ. ಕಾಲಿಪತ್ತಿ ಕಸಿ ಸಾಕು. ನಿಂಬೆಗೆ ಮಳೆಗಾಲದಲ್ಲಿ ಕಜ್ಜಿ ರೋಗದ ಕಾಟ, ಗಾಳಿಯಾಡುವ ಮರೆಯ ಜಾಗ ಕೊಡಿ. ಪೇರಲೆ ಬೇಗ ಫಲ ಕೊಡುತ್ತದೆ, ಮಳೆಗಾಲದ ಕಾಯಿಗೆ ಮಾತ್ರ ಹಣ್ಣುನೊಣದ ಹುಳ. ಬೇಸಿಗೆಯ ಹೂವನ್ನು ಕಿತ್ತು, ಜೂನ್ ಹೂವನ್ನು ಚಳಿಗಾಲದ ಫಸಲಿಗೆ ಬಿಡಿ. ಮಾವಿನಲ್ಲಿ ಕುಂಡಕ್ಕೆ ಹೇಳುವುದು ದಶೇರಿ ಮತ್ತು ನೀಲಂ ಸೇರಿಸಿ ಮಾಡಿದ ಕುಳ್ಳ ತಳಿ ಆಮ್ರಪಾಲಿ. ಅದು ತಡವಾಗಿ ಹಣ್ಣಾಗುವ ತಳಿ, ನಮ್ಮಲ್ಲಿ ಹಣ್ಣಾಗುವ ಹೊತ್ತಿಗೆ ಮಳೆ ಬಂದಿರುತ್ತದೆ. ಅಂಕೋಲೆಯ ಕರಿ ಇಶಾಡಿನ ಆಸೆ ಬೇಡ, ಅದಕ್ಕೆ ನೆಲವೇ ಬೇಕು. ಮುರುಗಲು ಬೇಕಾದವರು ಬೀಜದ ಗಿಡ ಕೊಳ್ಳಬಾರದು, ಅದರಲ್ಲಿ ಅರ್ಧಕ್ಕರ್ಧ ಗಂಡು ಬಂದು ಕಾಯಿಯೇ ಇರುವುದಿಲ್ಲ. ಕಸಿ ಗಿಡವೇ ಬೇಕು. ಅಡ್ಡ ಗೆಲ್ಲಿನ ಕಸಿಯಾದರೆ ನೆಟ್ಟಗೆ ಏರದೆ ಹರಡುತ್ತದೆ, ಕುಂಡಕ್ಕೆ ಅದೇ ಅನುಕೂಲ.

ಮಂಗಗಳು ದಿನಾ ಬರುವ ಮನೆಯಲ್ಲಿ ಚಿಕ್ಕು, ಪೇರಲೆಗೆ ಖರ್ಚು ಮಾಡಬೇಡಿ. ನಿಂಬೆ, ಕರಿಬೇವು, ಪೊದೆ ಮೆಣಸು ಸಾಕು.

ನರ್ಸರಿಯಲ್ಲಿ ನೋಡುವುದು

ಹೂ ತುಂಬಿದ ಗಿಡ ಬಿಟ್ಟು, ಮೊಗ್ಗು ಮತ್ತು ಹೊಸ ಚಿಗುರು ಇರುವುದನ್ನು ಕೇಳಿ. ಕೊಟ್ಟೆಯ ತೂತಿನಿಂದ ದಪ್ಪ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ ಬೇಡ. ಎತ್ತಿದಾಗ ಅದು ಕಡಿದು ಗಿಡ ಬಾಡುತ್ತದೆ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಬೇಕು, ಗಂಟಿನ ಕೆಳಗೆ ಚಿಗುರು ಇರಬಾರದು. ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಕೂಡಿಕೊಂಡ ಮೇಲೂ ಹಾಗೇ ಬಿಟ್ಟರೆ ಕಾಂಡವನ್ನು ಬಿಗಿಯುತ್ತದೆ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಎಲೆಯ ಅಡಿಯಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಇದೆಯೇ ನೋಡಿ, ಒಂದು ಗಿಡದಿಂದ ಇಡೀ ಜಗಲಿಗೆ ಹರಡುತ್ತದೆ.

ಕೊಳ್ಳುವ ಕಾಲ: ಹಣ್ಣಿನ ಕಸಿಗಳನ್ನು ಚೌತಿ ಕಳೆದ ಮೇಲೆ, ಮಳೆ ಇಳಿಮುಖವಾದಾಗ. ಜೂನ್‌ನಲ್ಲಿ ನೆಟ್ಟರೆ ಹೊಸ ಬೇರು ಮೂಡುವ ಮುಂಚೆಯೇ ಮಣ್ಣು ತೊಯ್ದು ಕೂರುತ್ತದೆ. ಗೆಲ್ಲು ಊರುವ ಕೆಲಸಕ್ಕೆ ಮಾತ್ರ ಜೂನ್, ಜುಲೈಯೇ ಸರಿ. ನೆಡುವಾಗ ಉಂಡೆಯ ಸುತ್ತ ಸುರುಳಿ ಸುತ್ತಿದ ಬೇರನ್ನು ಮೂರು ಕಡೆ ಮೇಲಿನಿಂದ ಕೆಳಕ್ಕೆ ಸೀಳಿ ಬಿಡಿಸಿ, ಹಳೆಯ ಮಣ್ಣಿನ ಮಟ್ಟಕ್ಕೇ ನೆಟ್ಟು, ಕುಂಡದ ಅಂಚಿನಿಂದ ಎರಡು ಇಂಚು ಕೆಳಗೆ ಮಣ್ಣು ನಿಲ್ಲಿಸಿ.

ಮಳೆಗಾಲ, ಬೇಸಿಗೆ

ಮಳೆಗೆ ಮುಂಚೆ ಕುಂಡದಡಿಯ ತಟ್ಟೆ ತೆಗೆಯಿರಿ, ಬೇರೂ ಕೊಳೆಯುತ್ತದೆ, ಸೊಳ್ಳೆಯೂ ಮರಿಮಾಡುತ್ತದೆ. ತೂತಿಗೆ ಕಡ್ಡಿ ಹಾಕಿ ಬೇರು ಕಟ್ಟಿದೆಯೇ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಗೊಬ್ಬರ ಬೇಡ, ಎಲ್ಲ ಬಸಿದು ಚರಂಡಿ ಸೇರುತ್ತದೆ. ಕೊಳೆ ಕಾಣಿಸುವ ಮೊದಲೇ, ಮಳೆ ಬಿಟ್ಟ ಒಣ ದಿನ ನೋಡಿ, ನಿಂಬೆ ಮತ್ತು ಮೆಣಸಿಗೆ ಶೇ. 1ರ ಬೋರ್ಡೋ ಹೊಡೆಯಿರಿ. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ, ತುತ್ತದ ನೀರನ್ನು ಸುಣ್ಣಕ್ಕೆ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಕೂತರೆ ಸುಣ್ಣ ಸಾಲದು. ಅಂದು ಮಾಡಿದ್ದು ಅಂದೇ ಮುಗಿಯಬೇಕು. ದೊಡ್ಡ ಶಂಖದ ಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಕೈಯಿಂದಲೇ ಆರಿಸಿ. ಕುಂಡದ ಮೇಲೆ ಉಪ್ಪು ಎರಚಿದರೆ ಹುಳುವಿನ ಜೊತೆ ಗಿಡವೂ ಹೋಗುತ್ತದೆ.

ಸೆಪ್ಟೆಂಬರ್ ಕೊನೆಗೆ ಮೇಲಿನ ಒಂದು ಇಂಚು ಮಣ್ಣು ಕೆರೆದು ತೆಗೆದು ಕಾಂಪೋಸ್ಟ್ ತುಂಬಿ. 12 ಇಂಚಿನ ಕುಂಡಕ್ಕೆ 25 ಗ್ರಾಂ, ಡ್ರಮ್ಮಿಗೆ 150 ಗ್ರಾಂ ಬೇವಿನ ಹಿಂಡಿ ಸೇರಿಸಿ. ಹಳೆಯ ಎಲೆಗಳ ನರದ ನಡುವೆ ಹಳದಿಯಾದರೆ ಮೆಗ್ನೀಸಿಯಂ ತೊಳೆದುಹೋಗಿದೆ, ಲೀಟರಿಗೆ 2 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಎಲೆಗೆ ಸಿಂಪಡಿಸಿ.

ಏಪ್ರಿಲ್, ಮೇಯಲ್ಲಿ 12 ಇಂಚಿನ ಕುಂಡಕ್ಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಡ್ರಮ್ಮಿಗೆ ಆರೆಂಟು ಲೀಟರ್ ಬೇಕು. ಬೆರಳು ಎರಡು ಇಂಚು ಇಳಿಸಿ ನೋಡಿ. ಒಳಗೆ ತೇವವಿದ್ದರೆ ಅಂದು ಬಿಡಿ. ಕಡಲಬದಿಯ ಬಾವಿ ಈ ತಿಂಗಳುಗಳಲ್ಲಿ ಉಪ್ಪಾಗುವುದುಂಟು. ನಾಲಿಗೆಗೆ ಉಪ್ಪು ತಾಗಿದರೆ ಆ ನೀರು ಬೋಗನ್‌ವಿಲ್ಲಾ, ಕಣಗಿಲೆಗೆ ಮಾತ್ರ. ಕುಂಡದಂಚಿನಲ್ಲಿ ಬಿಳಿ ಪುಡಿ, ಎಲೆಯ ತುದಿ ಕಂದು ಎರಡೂ ಒಟ್ಟಿಗೆ ಕಂಡರೆ ಕುಂಡದ ಮೂರು ಪಟ್ಟು ಸಿಹಿನೀರನ್ನು ನಿಧಾನವಾಗಿ ಹಾಯಿಸಿ ಉಪ್ಪು ಬಸಿಯಲು ಬಿಡಿ.

ಮೂರು ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಡ್ರಮ್ಮಿನ ಗಿಡವನ್ನು ಹೊರಗೆ ಮಲಗಿಸಿ ಬೇರಿನ ಉಂಡೆಯ ಸುತ್ತಲೂ ತಳದಲ್ಲೂ ಎರಡು ಇಂಚು ಕತ್ತರಿಸಿ ತೆಗೆಯಿರಿ. ಮೇಲೆ ಅಷ್ಟೇ ಪ್ರಮಾಣದ ಗೆಲ್ಲನ್ನೂ ಕತ್ತರಿಸಿ, ಹೊಸ ಮಿಶ್ರಣ ತುಂಬಿ ಅದೇ ಡ್ರಮ್ಮಿಗೆ ನೆಡಿ, ಹದಿನೈದು ದಿನ ಅರೆನೆರಳಲ್ಲಿಡಿ. ಇದಕ್ಕೆ ಇಬ್ಬರು ಬೇಕು, ಹಿಂದಿನ ದಿನ ನೀರು ಹಾಕದಿದ್ದರೆ ಎತ್ತುವುದು ಹಗುರ.